ರಸಗೊಬ್ಬರದಲ್ಲಿ ರಸ ಎಲ್ಲಿದೆ?

ಯೂರಿಯಾ ಚೀಲ ಬಿಚ್ಚಿ ನೋಡಿ. ಒಳಗೆ ಬಿಳಿ ಕಾಳು. ಎಷ್ಟು ಹಿಂಡಿದರೂ ಒಂದು ಹನಿ ಬರುವುದಿಲ್ಲ. ಆದರೂ ಅದಕ್ಕೆ ನಾವು ಇಟ್ಟಿರುವ ಹೆಸರು ರಸಗೊಬ್ಬರ.

ಪತ್ರಿಕೆಯಲ್ಲಿ ರಸಗೊಬ್ಬರದ ಅಂಗಡಿ ಮುಂದೆ ರೈತರು ಸಾಲು ನಿಂತ ಸುದ್ದಿ ಇರುತ್ತದೆ. ಅದರ ಕೆಳಗೇ ಶಾಲಾ ಮಕ್ಕಳ ರಸಪ್ರಶ್ನೆ ಸ್ಪರ್ಧೆ. ಜಾತ್ರೆಯ ವರದಿಯಲ್ಲಿ 'ರಾತ್ರಿ ರಸಮಂಜರಿ ಕಾರ್ಯಕ್ರಮ'. ಸಿನಿಮಾ ಪುಟದಲ್ಲಿ ನವರಸ ನಾಯಕ ಜಗ್ಗೇಶ್. ಕೃಷಿ ಅಂಕಣದಲ್ಲಿ ರಸ ಹೀರುವ ಕೀಟ. ಪಿಯು ಪರೀಕ್ಷೆ ಬಂತೆಂದರೆ ರಸಾಯನಶಾಸ್ತ್ರ. ಇಷ್ಟೆಲ್ಲ ಓದಿದರೂ ಯಾರಿಗೂ ಗೊಂದಲ ಆಗುವುದಿಲ್ಲ. ನಿಂತು ಯೋಚಿಸಿದರೆ ಮಾತ್ರ ತಲೆ ಕೆರೆದುಕೊಳ್ಳುವ ಹಾಗಾಗುತ್ತದೆ. ಗೊಬ್ಬರಕ್ಕೂ ಪ್ರಶ್ನೆಗೂ ಜಗ್ಗೇಶ್‌ಗೂ ಏನು ಸಂಬಂಧ?

ನಿಘಂಟು ತೆಗೆದರೆ ಅರ್ಥಗಳ ಉದ್ದ ಪಟ್ಟಿ ಸಿಗುತ್ತದೆ, ಆದರೆ ಕಾರಣ ಸಿಗುವುದಿಲ್ಲ. ನನ್ನ ಪ್ರಕಾರ ಇದನ್ನು ತಿಳಿದುಕೊಳ್ಳಲು ಸುಲಭದ ದಾರಿ ಒಂದಿದೆ. ಹಣ್ಣು ಹಿಂಡಿದಾಗ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಕೈಗೆ ದ್ರವ ಸಿಗುತ್ತದೆ, ನಾಲಿಗೆಗೆ ರುಚಿ ಸಿಗುತ್ತದೆ. ಎರಡಕ್ಕೂ ಹೆಸರು ರಸವೇ. ದ್ರವದ ಬೆನ್ನು ಹಿಡಿದು ಹೋದವರು ಪಾದರಸ ದಾಟಿ ಯೂರಿಯಾಕ್ಕೆ ಬಂದು ನಿಂತರು. ರುಚಿಯ ಬೆನ್ನು ಹಿಡಿದವರು ನಾಟಕ, ಕಾವ್ಯ ದಾಟಿ ರಸಪ್ರಶ್ನೆಗೆ ಬಂದರು. ನಡುವೆ ಅಲ್ಲಲ್ಲಿ ಎರಡೂ ದಾರಿ ಕೂಡುತ್ತವೆ. ಮಜಾ ಇರುವುದು ಅಲ್ಲೇ.

ಹಿಂಡಿದ್ದು, ಕುದಿಸಿದ್ದು, ಬಸಿದದ್ದು

ಕನ್ನಡದ ಅಡುಗೆಮನೆ ಈ ಪದವನ್ನು ಬಹಳ ಎಚ್ಚರದಿಂದ ಬಳಸುತ್ತದೆ. ನಿಂಬೆಹಣ್ಣು ಹಿಂಡಿದರೆ ರಸ. ಹುಣಸೆಹಣ್ಣು ನೆನೆಸಿ ಕಿವುಚಿದರೆ ರಸ. ಶುಂಠಿ ಜಜ್ಜಿ ಹಿಂಡಿದರೂ ರಸ. ತೆಂಗಿನಕಾಯಿ ರುಬ್ಬಿ ಹಿಂಡಿದರೆ ಮಾತ್ರ ಕಾಯಿಹಾಲು, ಬಣ್ಣ ಬೆಳ್ಳಗಿದೆಯಲ್ಲ. ಕಬ್ಬು ಎರಡೂ ಪಕ್ಷಕ್ಕೆ ಸೇರಿದ್ದು. ಕೆಲವರಿಗೆ ಕಬ್ಬಿನ ರಸ, ಕೆಲವರಿಗೆ ಕಬ್ಬಿನ ಹಾಲು. ಎಳನೀರನ್ನು ಯಾರೂ ಹಿಂಡುವುದಿಲ್ಲ, ಕೊಚ್ಚಿದರೆ ತಾನಾಗಿ ಸಿಗುತ್ತದೆ, ಹಾಗಾಗಿ ಅದು ನೀರು. ಜೀರಿಗೆ, ಮೆಣಸು ಹಾಕಿ ಕುದಿಸಿದರೆ ಕಷಾಯ. ಸೊಪ್ಪು, ಕಾಳು ಬೇಯಿಸಿ ಬಸಿದರೆ ಕಟ್ಟು, ಅದರಿಂದ ಬಸ್ಸಾರು. ಅಂದರೆ ರಸ ಅನ್ನಿಸಿಕೊಳ್ಳಬೇಕಾದರೆ ಒಳಗೆ ಅಡಗಿದ್ದು ಒತ್ತಡಕ್ಕೆ ಹೊರಗೆ ಬರಬೇಕು, ಬೆಂಕಿ ಸೋಕಿರಬಾರದು. ಯಾರೂ ಹೇಳಿಕೊಟ್ಟ ನಿಯಮ ಅಲ್ಲ ಇದು. ಆದರೂ ತಪ್ಪುವವರು ಕಡಿಮೆ.

ಆಯುರ್ವೇದದಲ್ಲಿ ಇದೇ ವಿಂಗಡಣೆ ಶಾಸ್ತ್ರವಾಗಿ ಕೂತಿದೆ. ಗಿಡಮೂಲಿಕೆಯಿಂದ ಔಷಧ ತೆಗೆಯುವ ಮೂಲ ವಿಧಾನ ಐದು. ಹಸಿಯಾಗಿ ಜಜ್ಜಿ ಹಿಂಡಿದರೆ ಸ್ವರಸ. ಅರೆದು ಚಟ್ನಿಯ ಹದಕ್ಕೆ ತಂದರೆ ಕಲ್ಕ. ಕುದಿಸಿ ಇಳಿಸಿದರೆ ಕ್ವಾಥ. ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿದರೆ ಹಿಮ. ಬಿಸಿನೀರು ಹೊಯ್ದು ಸೋಸಿದರೆ ಫಾಂಟ. ನಮ್ಮ ಟೀ ಈ ಕೊನೆಯ ಗುಂಪಿಗೆ ಸೇರಬೇಕಿತ್ತು, ನಾವು ಕುದಿಸಿ ಕುದಿಸಿ ಕ್ವಾಥ ಮಾಡುತ್ತೇವೆ ಅಷ್ಟೆ.

ದೇಹದ ಒಳಗೂ ಇದೇ ಪದ. ಶಾಲೆಯ ಪಾಠದಲ್ಲಿ ಜೊಲ್ಲು ಲಾಲಾರಸ ಆಗುತ್ತದೆ. ಜೊತೆಗೆ ಜಠರರಸ, ಪಿತ್ತರಸ. ಗಿಡದ ಎಲೆ, ಕಾಂಡದೊಳಗೆ ಹರಿಯುವುದೂ ರಸ. ಮೆಣಸಿನಗಿಡದ ಥ್ರಿಪ್ಸ್, ಹತ್ತಿಯ ಬಿಳಿನೊಣ, ಸಸ್ಯಹೇನು, ಜಿಗಿಹುಳು ಇವೆಲ್ಲ 'ರಸ ಹೀರುವ ಕೀಟ'. ಗೊಬ್ಬರದ ಅಂಗಡಿಯ ಒಂದೇ ಬೋರ್ಡಿನಲ್ಲಿ ರಸಗೊಬ್ಬರವೂ ಇರುತ್ತದೆ, ರಸ ಹೀರುವ ಕೀಟಕ್ಕೆ ಔಷಧಿಯೂ ಇರುತ್ತದೆ. ಎರಡೂ ರಸ ಬೇರೆ ಬೇರೆ. ಕೀಟ ಹೀರುವುದು ನಿಜವಾದ ರಸ.

ಆದರೆ ಹಣ್ಣಿನ ಹೆಸರಲ್ಲಿ ರಸ ಇದ್ದ ಮಾತ್ರಕ್ಕೆ ಸುರಿಯಬೇಕು ಅಂತಿಲ್ಲ. ರಸಪುರಿ ಮಾವಿನಹಣ್ಣು ಹಿಂಡಿದರೆ ಸುರಿಯುತ್ತದೆ, ಸರಿ. ನಂಜನಗೂಡು ರಸಬಾಳೆ? ಬಾಳೆಹಣ್ಣನ್ನು ಹಿಂಡಿ ರಸ ತೆಗೆದವರು ಯಾರು? ಅಲ್ಲಿ ರಸ ಎಂದರೆ ರುಚಿ, ಪರಿಮಳ, ಬಾಯಲ್ಲಿ ಕರಗುವ ಗುಣ. ಭೌಗೋಳಿಕ ಸೂಚಿಕೆ ಪಡೆದ ಈ ಬಾಳೆಯನ್ನು ಪನಾಮ ಸೊರಗು ರೋಗ ಬಹಳ ಕಾಡಿದೆ. ಅದರ ಹೆಸರಲ್ಲೇ ಪದ ದ್ರವದಿಂದ ರುಚಿಗೆ ದಾಟಿರುವುದು ಕಾಣುತ್ತದೆ.

ಆರು ರುಚಿ, ಆರು ಅಂಕಿ

ರುಚಿಯ ಅರ್ಥದಲ್ಲಿ ರಸಗಳು ಆರು: ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ. ಕನ್ನಡದಲ್ಲಿ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಇಲ್ಲಿ ಎರಡು ಕಡೆ ಎಡವುವವರು ಜಾಸ್ತಿ. ಕಟು ಎಂದರೆ ಕಹಿ ಅಂದುಕೊಳ್ಳುತ್ತಾರೆ, ನಾವು ಕಟುಮಾತು, ಕಟುಸತ್ಯ ಅನ್ನುತ್ತೇವಲ್ಲ. ಶಾಸ್ತ್ರದಲ್ಲಿ ಕಟು ಎಂದರೆ ಖಾರ. ಹಾಗೇ ಕಷಾಯ ಎಂದರೆ ಕುದಿಸಿದ ಮದ್ದಲ್ಲ, ಎಳೆ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಆ ಒಗರು.

ಆಂಧ್ರ, ತೆಲಂಗಾಣದಲ್ಲಿ ಯುಗಾದಿಯ ದಿನ ಮಾಡುವ ಪಚ್ಚಡಿಯಲ್ಲಿ ಆರೂ ರುಚಿ ಇರಬೇಕು. ನಾವು ಕನ್ನಡದವರು ಬೇವು ಬೆಲ್ಲ ಎರಡರಲ್ಲೇ ಮುಗಿಸುತ್ತೇವೆ.

ಇಂದಿನ ವಿಜ್ಞಾನದ ಪಟ್ಟಿ ಬೇರೆ. ಸಿಹಿ, ಹುಳಿ, ಉಪ್ಪು, ಕಹಿ ನಾಲ್ಕು. ಅದಕ್ಕೆ ಐದನೆಯದಾಗಿ ಉಮಾಮಿ. ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ಸಮುದ್ರಪಾಚಿಯ ಸಾರಿನಲ್ಲಿ ಗುರುತಿಸಿದ ರುಚಿ ಅದು. ಖಾರಕ್ಕೆ ಈ ಪಟ್ಟಿಯಲ್ಲಿ ಜಾಗ ಇಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮುಟ್ಟುವುದು ರುಚಿಯ ಮೊಗ್ಗನ್ನಲ್ಲ, ಬಿಸಿ ಮತ್ತು ನೋವನ್ನು ತಿಳಿಸುವ ನರವನ್ನು. ಆ ನರದ ಮೇಲಿನ ಗ್ರಾಹಕವನ್ನು (ರಿಸೆಪ್ಟರ್) ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಪತ್ತೆ ಮಾಡಿತು, 2021ರಲ್ಲಿ ಅವರಿಗೆ ನೊಬೆಲ್ ಬಂತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ಅದೇ ಗ್ರಾಹಕ ಎಚ್ಚರಗೊಳ್ಳುತ್ತದೆ. ಖಾರ ತಿಂದಾಗ 'ಬಾಯಿ ಉರೀತಿದೆ' ಅನ್ನುವುದು ಸುಮ್ನೆ ಅಲ್ಲ. ಒಗರೂ ಅಷ್ಟೆ, ಬಹುಪಾಲು ಸ್ಪರ್ಶದ ಅನುಭವ. ಕಾಯಿಯ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿದಂತೆ ಮಾಡುತ್ತದೆ. ಹಾಗಂತ ಹಳೆಯ ಪಟ್ಟಿ ತಪ್ಪು ಅನ್ನುವುದು ಅವಸರ. ಒಂದು ಪಟ್ಟಿ ನಾಲಿಗೆಯ ಕೋಶಗಳನ್ನು ಎಣಿಸುತ್ತದೆ, ಇನ್ನೊಂದು ಉಣ್ಣುವವನ ಅನುಭವವನ್ನು ಎಣಿಸುತ್ತದೆ.

ಆರು ರುಚಿ ಎಂದ ಕೂಡಲೇ ಹಳೆಯ ವೈದ್ಯರಿಗೆ ಇನ್ನೊಂದು ಪ್ರಶ್ನೆ ಬಂತು. ಬೆರೆಸಿದರೆ ಒಟ್ಟು ಎಷ್ಟು ರುಚಿ? ಚರಕ, ಸುಶ್ರುತ ಇಬ್ಬರ ಸಂಹಿತೆಯಲ್ಲೂ ಉತ್ತರ 63. ಒಂದೊಂದೇ ಆದರೆ 6. ಎರಡೆರಡು ಬೆರೆತರೆ 15. ಮೂರು ಬೆರೆತರೆ 20. ನಾಲ್ಕು ಬೆರೆತರೆ 15, ಐದಾದರೆ 6, ಆರೂ ಸೇರಿದರೆ 1. ಕೂಡಿ ನೋಡಿ, 63. ಇವತ್ತು ಪಿಯು ಗಣಿತದಲ್ಲಿ 'ವಿಕಲ್ಪ' ಅಂತ ಕಲಿಸುವ ಲೆಕ್ಕ ಇದೇ.

ಗಣಿತದ ಸಹವಾಸ ಅಲ್ಲಿಗೇ ನಿಲ್ಲಲಿಲ್ಲ. ಹಿಂದಿನ ಜ್ಯೋತಿಷಿಗಳು, ಶಾಸನ ಬರೆಯುವವರು ಅಂಕಿಯ ಬದಲು ಪದ ಬಳಸುತ್ತಿದ್ದರು. ಚಂದ್ರ ಎಂದರೆ 1, ಕಣ್ಣು ಎಂದರೆ 2, ವೇದ ಎಂದರೆ 4, ರುದ್ರ ಎಂದರೆ 11. ಇದಕ್ಕೆ ಭೂತಸಂಖ್ಯೆ ಅಂತ ಹೆಸರು. ಅಲ್ಲಿ ರಸ ಎಂದರೆ 6. ಅಂಕಿಗಳನ್ನು ಬಲದಿಂದ ಎಡಕ್ಕೆ ಜೋಡಿಸಬೇಕು, ಹಾಗಾಗಿ 'ರಸ ವೇದ' ಎಂದರೆ 64 ಅಲ್ಲ, 46. (ಯೂರಿಯಾದಲ್ಲಿ ಇರುವ ಸಾರಜನಕ ಶೇ 46. ಕಾಕತಾಳೀಯ, ಆದರೆ ಚೆನ್ನಾಗಿದೆ ಅಲ್ವಾ.)

ಇದರಲ್ಲಿ ನನಗೆ ತುಂಬ ಇಷ್ಟವಾದ ಉದಾಹರಣೆ ಛಂದಸ್ಸಿನದು. ಶಿಖರಿಣಿ ವೃತ್ತದ ಲಕ್ಷಣವನ್ನು ಕೇದಾರಭಟ್ಟ ತನ್ನ ವೃತ್ತರತ್ನಾಕರದಲ್ಲಿ 'ರಸೈ ರುದ್ರೈಶ್ಛಿನ್ನಾ' ಎಂದು ಶುರು ಮಾಡುತ್ತಾನೆ. ಕಾವ್ಯಕ್ಕೆ ಸಂಬಂಧಿಸಿದ ಪುಸ್ತಕ, ಆದ್ದರಿಂದ ನವರಸದ ಮಾತಿರಬೇಕು ಅಂದುಕೊಂಡರೆ ಕೆಟ್ಟೆವು. ಅಲ್ಲಿ ರಸ ಎಂದರೆ 6, ರುದ್ರ ಎಂದರೆ 11. ಆರನೆಯ ಅಕ್ಷರಕ್ಕೆ ಒಮ್ಮೆ ನಿಲ್ಲಬೇಕು, ಆಮೇಲೆ ಹನ್ನೊಂದು. ಒಟ್ಟು 17 ಅಕ್ಷರದ ಸಾಲು. ನವರಸ ಎಂದು 9 ಲೆಕ್ಕ ಹಾಕಿದರೆ ಸಾಲು 20 ಅಕ್ಷರಕ್ಕೆ ಓಡುತ್ತದೆ, ವೃತ್ತ ಕೆಡುತ್ತದೆ.

ಅಳುವನ್ನು ಸವಿಯುವುದು

ಸುಮಾರು 2000 ವರ್ಷ ಹಿಂದಿನ ನಾಟ್ಯಶಾಸ್ತ್ರದಲ್ಲಿ, ಅದರ ಆರನೆಯ ಅಧ್ಯಾಯದಲ್ಲಿ, ಭರತ ತಾನೇ ಪ್ರಶ್ನೆ ಎತ್ತುತ್ತಾನೆ. ರಸ ಎಂದರೆ ಎಂಥ ಪದಾರ್ಥ? ಉತ್ತರ ಒಂದೇ ಪದ: ಆಸ್ವಾದ್ಯತ್ವಾತ್. ಸವಿಯಲು ಬರುತ್ತದೆ, ಅದಕ್ಕೇ ರಸ. ಮುಂದೆ ಅವನು ನೇರವಾಗಿ ಅಡುಗೆಮನೆಗೇ ಹೋಗುತ್ತಾನೆ. ಬೆಲ್ಲ, ಸಂಬಾರ, ಸೊಪ್ಪು ಕೂಡಿ ಹೇಗೆ ಯಾವ ಒಂದರಲ್ಲೂ ಇಲ್ಲದ ರುಚಿ ಹುಟ್ಟುತ್ತದೋ, ಹಾಗೆ ರಂಗದ ಮೇಲೆ ಭಾವಗಳು ಕೂಡಿ ರಸ ಹುಟ್ಟುತ್ತದೆ. ನಾಟಕದ ಮಾತಿಗೆ ಈ ಪದ ಊಟದಿಂದ ಬಂತು ಎಂಬುದನ್ನು ಊಹಿಸಬೇಕಾಗಿಲ್ಲ, ಭರತನೇ ಹೇಳಿಬಿಟ್ಟಿದ್ದಾನೆ.

ಅವನ ಸೂತ್ರದಲ್ಲಿ ಮೂರು ಸಾಮಗ್ರಿ: ವಿಭಾವ, ಅನುಭಾವ, ವ್ಯಭಿಚಾರಿ ಭಾವ. ಹೆಸರು ಕೇಳಿ ಹೆದರಬೇಡಿ. ಹರಿಶ್ಚಂದ್ರನ ನಾಟಕ ತೆಗೆದುಕೊಳ್ಳಿ. ಸ್ಮಶಾನದಲ್ಲಿ ಚಂದ್ರಮತಿ ಮಗನ ಹೆಣ ಇಟ್ಟುಕೊಂಡು ಕೂತಿದ್ದಾಳೆ. ಸತ್ತ ಲೋಹಿತಾಶ್ವ, ಕತ್ತಲು, ಸುಡುಗಾಡು ಇವು ವಿಭಾವ, ಅಂದರೆ ಕಾರಣ. ಅವಳ ಕಣ್ಣೀರು, ಒಡೆದ ದನಿ, ನೆಲಕ್ಕೆ ಬೀಳುವುದು ಅನುಭಾವ, ಅಂದರೆ ಹೊರಗೆ ಕಾಣುವ ಪರಿಣಾಮ. ನಡುನಡುವೆ ಮಗನ ಆಟದ ನೆನಪು, ದೈನ್ಯ, ಹತಾಶೆ ಬಂದು ಹೋಗುತ್ತವೆ, ಅವು ವ್ಯಭಿಚಾರಿ. ಇವೆಲ್ಲದರ ಅಡಿಯಲ್ಲಿ ಗಟ್ಟಿಯಾಗಿ ನಿಂತಿರುವುದು ಶೋಕ. ಅದಕ್ಕೆ ಸ್ಥಾಯಿ ಭಾವ ಎನ್ನುತ್ತಾರೆ. ಶೋಕ ಇರುವುದು ಚಂದ್ರಮತಿಯ ಪಾತ್ರದಲ್ಲಿ. ಎದುರಿಗೆ ಚಾಪೆ ಮೇಲೆ ಕೂತು ನೋಡುವ ನಮ್ಮಲ್ಲಿ ಹುಟ್ಟುವುದು ಕರುಣರಸ.

ಈ ವ್ಯತ್ಯಾಸ ಮುಖ್ಯ. ನಮ್ಮ ಮನೆಯಲ್ಲೇ ಸಾವಾದರೆ ಅದು ಶೋಕ, ಅದನ್ನು ಯಾರೂ ಸವಿಯುವುದಿಲ್ಲ. ನಾಟಕದಲ್ಲಿ ನೋಡಿದರೆ ಕಣ್ಣೀರು ಹಾಕುತ್ತಲೇ ಮತ್ತೊಮ್ಮೆ ನೋಡೋಣ ಅನಿಸುತ್ತದೆ. ದುಃಖದ ನಾಟಕಕ್ಕೆ ಜನ ದುಡ್ಡು ಕೊಟ್ಟು ಯಾಕೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಶತಮಾನಗಳ ಕಾಲ ಪಂಡಿತರು ತಲೆ ಕೆಡಿಸಿಕೊಂಡಿದ್ದಾರೆ. ಭಟ್ಟಲೊಲ್ಲಟ, ಶಂಕುಕ, ಭಟ್ಟನಾಯಕ, ಕಡೆಗೆ ಕಾಶ್ಮೀರದ ಅಭಿನವಗುಪ್ತ, ಒಬ್ಬೊಬ್ಬರದು ಒಂದೊಂದು ಉತ್ತರ. ಭಾವವು 'ನನ್ನದು', 'ಅವಳದು' ಎಂಬ ಗಡಿ ಕಳೆದುಕೊಂಡು ಎಲ್ಲರದೂ ಆದಾಗ ಅದನ್ನು ಸವಿಯಲು ಬರುತ್ತದೆ ಎಂಬುದು ಅವುಗಳಲ್ಲಿ ಹೆಚ್ಚು ಉಳಿದುಕೊಂಡ ಉತ್ತರ.

ಭರತ ಹೇಳಿದ್ದು ಎಂಟು ರಸ: ಶೃಂಗಾರ, ಹಾಸ್ಯ, ಕರುಣ, ರೌದ್ರ, ವೀರ, ಭಯಾನಕ, ಬೀಭತ್ಸ, ಅದ್ಭುತ. ಒಂಬತ್ತನೆಯದಾಗಿ ಶಾಂತ ಆಮೇಲೆ ಸೇರಿತು. ಅದರ ಪರವಾಗಿ ಗಟ್ಟಿಯಾಗಿ ವಾದಿಸಿದವರಲ್ಲಿ ಅಭಿನವಗುಪ್ತ ಮುಖ್ಯ. ಹಾಗೆ ನವರಸ ಆಯಿತು. ಈ ಪಟ್ಟಿಯಲ್ಲಿ ಬೀಭತ್ಸವೂ ಇದೆ ಎಂಬುದನ್ನು ಗಮನಿಸಿ. ಅಸಹ್ಯವೂ ಒಂದು ರಸ! ಬಳಕೆಯ ಕನ್ನಡದಲ್ಲಿ ಮಾತ್ರ ರಸ ಎಂದರೆ ಹಿತವಾದದ್ದೇ. ರಸವತ್ತಾದ ಮಾತು, ರಸಗವಳ, ರಸದೌತಣ. ಇಲ್ಲದಿದ್ದರೆ ನೀರಸ. ಗಂಡ ಹೆಂಡತಿ ನಡುವೆ ಸರಸ, ಕೆಟ್ಟರೆ ವಿರಸ. ರಸಿಕ ಎಂಬ ಪದಕ್ಕಂತೂ ಅನ್ಯಾಯವೇ ಆಗಿದೆ. ಕಲೆಯನ್ನು ಸವಿಯಬಲ್ಲವನು ಎಂಬ ದೊಡ್ಡ ಅರ್ಥ ಇತ್ತು, ಈಗ 'ಅವನು ಭಾರೀ ರಸಿಕ' ಅಂದರೆ ಕೇಳಿದವರು ಕಣ್ಣು ಮಿಟುಕಿಸುತ್ತಾರೆ.

ಔಷಧಿ ಅಂಗಡಿಯ ಕಪಾಟು

ಇನ್ನು ದ್ರವದ ದಾರಿಗೆ ಬರೋಣ. ದ್ರವಗಳಲ್ಲೇ ವಿಚಿತ್ರವಾದದ್ದು ಪಾದರಸ. ಲೋಹ, ಆದರೆ ಹರಿಯುತ್ತದೆ. ಮೈನಸ್ 39 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರಷ್ಟೇ ಗಟ್ಟಿ. ನೀರಿಗಿಂತ ಸುಮಾರು 13.5 ಪಟ್ಟು ಭಾರ. ಕೈಗೆ ಸಿಕ್ಕದೆ ಜಾರುವುದರಿಂದಲೇ ಚುರುಕು ಹುಡುಗರನ್ನು 'ಪಾದರಸದ ಹಾಗೆ ಓಡಾಡ್ತಾನೆ' ಅನ್ನುವುದು. ಹಳೆಯ ರಸವಾದಿಗಳಿಗೆ ಇದರಷ್ಟು ದೊಡ್ಡ ರಸ ಬೇರೆ ಇರಲಿಲ್ಲ. ಅವರು 'ರಸ' ಅಂತ ಮೊಟಕಾಗಿ ಹೇಳಿದರೆ ಅದು ಪಾದರಸವೇ. ಅದನ್ನು ಶಿವನ ಅಂಶವೆಂದು ಕಂಡರು. ಕೆಳದರ್ಜೆಯ ಲೋಹವನ್ನು ಚಿನ್ನ ಮಾಡಬಹುದು, ದೇಹವನ್ನು ಸಾವಿಲ್ಲದಂತೆ ಮಾಡಬಹುದು ಎಂಬ ಆಸೆಯಲ್ಲಿ ಶತಮಾನಗಳ ಕಾಲ ಅರೆದರು, ಸುಟ್ಟರು, ಬಟ್ಟಿ ಇಳಿಸಿದರು.

ಹೀಗಾಗಿ ಆಯುರ್ವೇದ ಎಂಬ ಒಂದೇ ಶಾಸ್ತ್ರದೊಳಗೆ ರಸಕ್ಕೆ ಕನಿಷ್ಠ ನಾಲ್ಕು ಅರ್ಥ ಸೇರಿಕೊಂಡವು. ವಿದ್ಯಾರ್ಥಿಗೆ ಗತಿ ಏನು? ಪಕ್ಕದ ಪದ ನೋಡುವುದು. ರಸ, ಗುಣ, ವೀರ್ಯ, ವಿಪಾಕ ಅಂತ ಬಂದರೆ ರುಚಿ. ರಸ, ರಕ್ತ, ಮಾಂಸ, ಮೇದಸ್ಸು ಅಂತ ಬಂದರೆ ಏಳು ಧಾತುಗಳಲ್ಲಿ ಮೊದಲನೆಯದು, ಉಂಡ ಅನ್ನ ಅರಗಿ ಆಗುವ ಸಾರ. ಗಂಧಕದ ಜೊತೆ ಬಂದರೆ ಪಾದರಸ. ಕಲ್ಕ, ಕ್ವಾಥದ ಜೊತೆ ಬಂದರೆ ಹಿಂಡಿದ ರಸ.

ಇದು ಪುಸ್ತಕದ ಮಾತಷ್ಟೇ ಅಲ್ಲ. ಆಯುರ್ವೇದ ಔಷಧಿ ಅಂಗಡಿಯ ಕಪಾಟು ನೋಡಿ. 'ನೆಲ್ಲಿಕಾಯಿ ರಸ' ಅಂತ ಬಾಟಲಿ ಇರುತ್ತದೆ, ಅದು ಹಿಂಡಿದ ರಸ. ಪಕ್ಕದಲ್ಲಿ 'ತ್ರಿಭುವನಕೀರ್ತಿ ರಸ', 'ಲಕ್ಷ್ಮೀವಿಲಾಸ ರಸ' ಅಂತ ಚಿಕ್ಕ ಡಬ್ಬಿಗಳು. ಒಳಗೆ ಗುಳಿಗೆ. ಇವುಗಳ ರಸ ಪಾದರಸ. ಒಂದಕ್ಕೆ ಪಾದರಸದ ಅದಿರಾದ ಇಂಗಲೀಕ ಹಾಕಿರುತ್ತಾರೆ. ಇನ್ನೊಂದಕ್ಕೆ ಪಾದರಸ, ಗಂಧಕ ಎರಡನ್ನೂ ಕಪ್ಪಗಾಗುವ ತನಕ ಅರೆದ ಕಜ್ಜಲಿ. ಕೆಳಗಿನ ಸಾಲಲ್ಲಿ ಚ್ಯವನಪ್ರಾಶ. ಅದು ರಸಾಯನ, ಅಂದರೆ ದೇಹಕ್ಕೆ ಕಸುವು ತುಂಬುವ ಲೇಹ್ಯ. ಪಾದರಸ ಸೇರಿದ ಔಷಧಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಇರಬೇಕು ಎಂದು ಔಷಧ ನಿಯಮ ಹೇಳುತ್ತದೆ. 'ರಸ ಅಂತಿದೆ, ಜ್ಯೂಸ್ ಥರ, ಏನೂ ಆಗಲ್ಲ' ಅಂದುಕೊಂಡು ತಾವಾಗಿಯೇ ನುಂಗುವ ವಸ್ತು ಅಲ್ಲ ಅದು. ಒಂದು ಪದದ ಅರ್ಥ ಗೊತ್ತಿಲ್ಲದಿದ್ದರೆ ಕಿಡ್ನಿಗೆ ಕುತ್ತು ಬರಬಹುದಾದ ಅಪರೂಪದ ಜಾಗ ಇದು.

ಪುಸ್ತಕಗಳ ಹೆಸರಿನಲ್ಲಿ ಈ ಗೊಂದಲ ಇನ್ನೂ ಸೊಗಸಾಗಿದೆ. ಸಾಳ್ವ ಕವಿಯ ಕನ್ನಡ 'ರಸರತ್ನಾಕರ' ಶೃಂಗಾರಾದಿ ರಸಗಳ ಬಗ್ಗೆ. ನಿತ್ಯನಾಥ ಸಿದ್ಧನ ಸಂಸ್ಕೃತ 'ರಸರತ್ನಾಕರ' ಪಾದರಸದ ಬಗ್ಗೆ. ಭಾನುದತ್ತನ 'ರಸಮಂಜರಿ' ನಾಯಕ ನಾಯಿಕೆಯರ ಬಗೆಗಳನ್ನು ವರ್ಣಿಸುತ್ತದೆ, ಶಾಲಿನಾಥನ 'ರಸಮಂಜರಿ' ಲೋಹ ಸುಡುವುದನ್ನು ಕಲಿಸುತ್ತದೆ. ಭಾನುದತ್ತ 'ರಸತರಂಗಿಣಿ'ಯನ್ನೂ ಬರೆದ. 20ನೆಯ ಶತಮಾನದಲ್ಲಿ ಸದಾನಂದ ಶರ್ಮ ಎಂಬವರು ಬರೆದ ರಸೌಷಧಿಗಳ ಗ್ರಂಥಕ್ಕೂ ಅದೇ ಹೆಸರು. ಹೆಸರು ಮಾತ್ರ ನೋಡಿ ಲೈಬ್ರರಿಯಿಂದ ತಂದರೆ ಪ್ರೇಮಪತ್ರಕ್ಕೆ ಸ್ಫೂರ್ತಿ ಹುಡುಕುವವನಿಗೆ ಮೂಸೆ, ಕುಲುಮೆ ಸಿಕ್ಕೀತು. ಕರ್ನಾಟಕದ ಹಳ್ಳಿಗಳಲ್ಲಿ ರಸಮಂಜರಿಗೆ ಇವೆರಡೂ ಅರ್ಥ ಇಲ್ಲ. ಗಣೇಶನ ಪೆಂಡಾಲಿನ ಮುಂದೆ ಆರ್ಕೆಸ್ಟ್ರಾದವರು ಸಿನಿಮಾ ಹಾಡು ಹಾಡಿದರೆ ಅದು ರಸಮಂಜರಿ.

ಎರಡೂ ದಾರಿ ಒಂದೇ ವಾಕ್ಯದ ಮೇಲೆ ಬಂದು ಕೂಡಿದ್ದೂ ಉಂಟು. ತೈತ್ತಿರೀಯ ಉಪನಿಷತ್ತಿನಲ್ಲಿ 'ರಸೋ ವೈ ಸಃ' ಎಂಬ ಮಾತಿದೆ. ಅವನೇ ರಸ, ಆ ರಸವನ್ನು ಪಡೆದವನು ಆನಂದ ಪಡೆಯುತ್ತಾನೆ ಎಂದು. ಇಲ್ಲಿ 'ಅವನು' ಎಂದರೆ ಬ್ರಹ್ಮ. ಕಾವ್ಯಮೀಮಾಂಸಕರು ಇದನ್ನು ತಮ್ಮ ಕಡೆ ಎಳೆದುಕೊಂಡರು. ಕಾವ್ಯದ ಆನಂದಕ್ಕೆ ಉಪನಿಷತ್ತೇ ಸಾಕ್ಷಿ ಎಂದರು. 17ನೆಯ ಶತಮಾನದ ಜಗನ್ನಾಥ ಪಂಡಿತ ತನ್ನ 'ರಸಗಂಗಾಧರ'ದಲ್ಲಿ ಇದನ್ನೇ ಉದ್ಧರಿಸುತ್ತಾನೆ. ನಮ್ಮ ಕುವೆಂಪು ಕೂಡ ತಮ್ಮ ಒಂದು ವಿಮರ್ಶಾ ಸಂಕಲನಕ್ಕೆ ಇದೇ ಹೆಸರಿಟ್ಟರು.

ಆದರೆ ಅದಕ್ಕೂ ಮೊದಲೇ ಬೇರೆಯವರು ಈ ವಾಕ್ಯದ ಮೇಲೆ ಕೈಯಿಟ್ಟಿದ್ದರು. 14ನೆಯ ಶತಮಾನದ ವಿಜಯನಗರ ಕಾಲದ ಮಾಧವನ 'ಸರ್ವದರ್ಶನಸಂಗ್ರಹ'ದಲ್ಲಿ ರಸೇಶ್ವರ ದರ್ಶನ ಅಂತ ಒಂದು ಅಧ್ಯಾಯವಿದೆ. ಪಾದರಸದಿಂದ ದೇಹವನ್ನು ಗಟ್ಟಿ ಮಾಡಿಕೊಂಡು ಬದುಕಿರುವಾಗಲೇ ಮುಕ್ತಿ ಪಡೆಯಬಹುದು ಎನ್ನುವವರ ವಾದ ಅದು. ಅವರೂ ಶ್ರುತಿಯ, ಅಂದರೆ ವೇದದ, ಆಧಾರ ಕೊಡಬೇಕಲ್ಲ? ಕೊಟ್ಟದ್ದು 'ರಸೋ ವೈ ಸಃ'! ಅವರ ಓದಿನಲ್ಲಿ ರಸ ಎಂದರೆ ಪಾದರಸ. ಒಂದೇ ವಾಕ್ಯ. ಒಬ್ಬರಿಗೆ ಬ್ರಹ್ಮಾನಂದ, ಒಬ್ಬರಿಗೆ ಕಾವ್ಯಾನಂದ, ಮತ್ತೊಬ್ಬರಿಗೆ ಪರಮಾಣು ಸಂಖ್ಯೆ 80. ಪಾದರಸದವರ ವಾದ ನನಗೆ ಒಪ್ಪಿಗೆಯಾಗುವುದಿಲ್ಲ, ಆದರೆ ಅವರ ಧೈರ್ಯವನ್ನು ಮೆಚ್ಚಲೇಬೇಕು.

ರಸಾಯನದಿಂದ ಯೂರಿಯಾಕ್ಕೆ

ರಸಾಯನ ಎಂಬ ಪದ ಮೊದಲು ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು. ಮುಪ್ಪನ್ನು ದೂರ ಇಡುವ ಚಿಕಿತ್ಸೆ. ರಸವಾದಿಗಳು ಅದನ್ನು ಪಾದರಸದ ಕಡೆ ತಿರುಗಿಸಿದರು. ಯುರೋಪಿನ ಕೆಮಿಸ್ಟ್ರಿ ಇಲ್ಲಿಗೆ ಬಂದಾಗ, ವಸ್ತುಗಳನ್ನು ಕಾಯಿಸಿ, ಬೆರೆಸಿ, ಬದಲಾಯಿಸುವ ವಿದ್ಯೆಗೆ ಇದಕ್ಕಿಂತ ಹೊಂದುವ ಹೆಸರು ಸಿಗಲಿಲ್ಲ. ರಸಾಯನಶಾಸ್ತ್ರ ಆಯಿತು. ಭಾರತದ ಆಧುನಿಕ ರಸಾಯನಶಾಸ್ತ್ರದ ಹಿರಿಯ ಪ್ರಫುಲ್ಲಚಂದ್ರ ರೇ 1896ರಲ್ಲಿ ಹೆಸರು ಮಾಡಿದ್ದು ಮರ್ಕ್ಯುರಸ್ ನೈಟ್ರೈಟ್ ಎಂಬ ಪಾದರಸದ ಸಂಯುಕ್ತದಿಂದಲೇ. 1902ರಲ್ಲಿ ಅವರ ಹಿಂದೂ ರಸಾಯನಶಾಸ್ತ್ರದ ಇತಿಹಾಸದ ಮೊದಲ ಸಂಪುಟ ಬಂತು. ಅದಕ್ಕಾಗಿ ಅವರು ಹುಡುಕಿ ಹುಡುಕಿ ಓದಿದ್ದು ಇದೇ ರಸಗ್ರಂಥಗಳ ಹಸ್ತಪ್ರತಿಗಳನ್ನು.

ಕರಾವಳಿ, ಮಲೆನಾಡಿನವರಿಗೆ ರಸಾಯನ ಎಂದರೆ ಇದ್ಯಾವುದೂ ಅಲ್ಲ. ಮಾಗಿದ ಬಾಳೆಹಣ್ಣೋ ಮಾವಿನಹಣ್ಣೋ ಹೆಚ್ಚಿ, ಕಾಯಿಹಾಲು, ಬೆಲ್ಲ, ಏಲಕ್ಕಿ ಹಾಕಿದ್ದು. ಒತ್ತು ಶ್ಯಾವಿಗೆ ಜೊತೆಗೋ ದೋಸೆ ಜೊತೆಗೋ ಬಡಿಸುತ್ತಾರೆ. ಕಾರ್ಬೈಡ್ ಹಾಕಿ ಹಣ್ಣು ಮಾಡುವ ಈ ಕಾಲದಲ್ಲಿ 'ರಾಸಾಯನಿಕ ಇಲ್ಲದ ಮಾವಿನ ರಸಾಯನ' ಎಂಬ ಮಾತಿಗೆ ಕನ್ನಡದಲ್ಲಿ ಪೂರ್ತಿ ಅರ್ಥ ಇದೆ!

ಈ ರಾಸಾಯನಿಕದ ಮೊಟಕು ರೂಪವೇ ರಸಗೊಬ್ಬರದ ರಸ. ಗೊಬ್ಬರವನ್ನು ರಸಾಯನಶಾಸ್ತ್ರದ ವಿಷಯ ಮಾಡಿದವರಲ್ಲಿ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ದೊಡ್ಡ ಹೆಸರು. 1840ರ ಅವನ ಕೃತಿ ಬೆಳೆಗೆ ಮಣ್ಣಿನ ಖನಿಜಗಳೇ ಆಹಾರ ಎಂದು ವಾದಿಸಿತು. ತಮಾಷೆ ಏನೆಂದರೆ, ಗಾಜಿಗೆ ಬೆಳ್ಳಿಯ ತೆಳು ಲೇಪ ಕೊಡುವ ವಿಧಾನ ಕಂಡುಕೊಂಡವನೂ ಅವನೇ. ಅಲ್ಲಿಯವರೆಗೆ ಕನ್ನಡಿಯ ಬೆನ್ನಿಗೆ ತವರ, ಪಾದರಸ ಬಳಿಯುತ್ತಿದ್ದರು, ಆ ಕೆಲಸಗಾರರು ವಿಷವೇರಿ ನರಳುತ್ತಿದ್ದರು. ಕನ್ನಡಿಯಿಂದ ರಸ ಕೀಳುವುದಕ್ಕೂ ಗೊಬ್ಬರಕ್ಕೆ ರಸ ಸೇರಿಸುವುದಕ್ಕೂ ಒಬ್ಬನೇ ಮನುಷ್ಯ ಕೈಹಾಕಿದ ಹಾಗಾಯಿತು. ಲೀಬಿಗ್‌ನ ಗೆಳೆಯ ವೋಲರ್ 1828ರಲ್ಲಿ ಪ್ರಯೋಗಶಾಲೆಯಲ್ಲಿ ಯೂರಿಯಾ ತಯಾರಿಸಿದ. ಅದಕ್ಕೂ ಮೊದಲು ಅದು ಗೊತ್ತಿದ್ದದ್ದು ಮೂತ್ರದಲ್ಲಿ ಸಿಗುವ ವಸ್ತುವಾಗಿ. ಆ ಲೆಕ್ಕದಲ್ಲಿ ಯೂರಿಯಾಕ್ಕೂ ರಸದ ನಂಟು ಇದೆ ಅನ್ನಿ, ಹೇಳಿಕೊಳ್ಳುವಂಥದ್ದಲ್ಲ ಅಷ್ಟೆ.

ಹೊಲದಲ್ಲೇ ಇನ್ನೂ ಒಂದು ರಸವಿದೆ. ಮಣ್ಣು ಪರೀಕ್ಷೆಗೆ ಕೊಟ್ಟರೆ ವರದಿಯಲ್ಲಿ 'ರಸಸಾರ' ಎಂಬ ಸಾಲು ಬರುತ್ತದೆ. 6.5, 7.2 ಹೀಗೆ ಒಂದು ಅಂಕಿ. ಇದು ಪಿಎಚ್‌ಗೆ ಕನ್ನಡ ಕೊಟ್ಟ ಹೆಸರು. ಡೆನ್ಮಾರ್ಕಿನ ಸೋರೆನ್‌ಸೆನ್ 1909ರಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಈ ಅಳತೆಯನ್ನು ರೂಪಿಸಿದ. 7ಕ್ಕಿಂತ ಕಡಿಮೆ ಇದ್ದರೆ ಹುಳಿಮಣ್ಣು, ಜಾಸ್ತಿ ಇದ್ದರೆ ಕ್ಷಾರದ ಮಣ್ಣು. ರಸಸಾರ ತೀರಾ ಏರುಪೇರಾಗಿದ್ದರೆ ಎಷ್ಟು ರಸಗೊಬ್ಬರ ಸುರಿದರೂ ಬೇರು ಅದನ್ನು ಸರಿಯಾಗಿ ಹೀರುವುದಿಲ್ಲ. ಆದ್ದರಿಂದ ಚೀಲದ ಲೆಕ್ಕಕ್ಕಿಂತ ಮೊದಲು ಆ ಸಾಲು ನೋಡುವುದು ಒಳ್ಳೆಯದು.

ಉಳಿದ ಚಿಲ್ಲರೆ

ರಸಪ್ರಶ್ನೆಯ ರಸ ನಾಟಕದ ಕವಲಿನದು, ಅದರಲ್ಲೂ ಸವೆದು ಹಗುರವಾದ ರೂಪ. ಸ್ವಾರಸ್ಯ ಇರುವ ಪ್ರಶ್ನೆ, ಅಷ್ಟೆ. ಪಠ್ಯದ ಪ್ರಶ್ನೆಗೆ ರಸ ಇಲ್ಲ ಅಂತ ಒಪ್ಪಿಕೊಂಡ ಹಾಗೂ ಆಯಿತು.

'ಕಸದಿಂದ ರಸ' ಎಂಬ ಘೋಷಣೆಯಲ್ಲಿ ರಸ ಎಂದರೆ ಬೆಲೆಬಾಳುವ ವಸ್ತು. ಪ್ರಾಸ ಚೆನ್ನಾಗಿದೆ. ಆದರೆ ಹಸಿಕಸದಿಂದ ಆಗುವುದು ಕಾಂಪೋಸ್ಟ್, ಅದನ್ನು ರಸಗೊಬ್ಬರ ಅನ್ನುವ ಹಾಗಿಲ್ಲ. ಅದು ಸಾವಯವ ಗೊಬ್ಬರ. ಅಕ್ಷರಶಃ ಕಸದಿಂದ ಬರುವ ರಸ ಯಾವುದು ಅಂತ ಬೆಂಗಳೂರಿನಲ್ಲಿ ಕಸದ ಲಾರಿ ಹಿಂದೆ ಸ್ಕೂಟರಿನಲ್ಲಿ ಹೋದವರಿಗೆ ಗೊತ್ತು.

ರಸಾತಳ ಮಾತ್ರ ಈ ಕುಟುಂಬದ ದೂರದ ನಂಟ. ಅಲ್ಲಿ ರಸಾ ಎಂದರೆ ಭೂಮಿ. ಭಾಗವತದ ಏಳು ಅಧೋಲೋಕಗಳ ಪಟ್ಟಿಯಲ್ಲಿ ಅದು ಆರನೆಯದು. ರಸ್ತೆ ಮತ್ತು ರಸೀದಿಗಂತೂ ನಂಟೇ ಇಲ್ಲ, ಅವು ಪಾರ್ಸಿ ಕಡೆಯಿಂದ ಬಂದವು.